ಟೆಡ್ಡಿ ವೆದರ್‌ಫರ್ಡ್ ಅಂದ್ರೆ ಯಾರು? ಅಟ್ಟದಲ್ಲಿ ಹಳೇ ಪ್ಲೇಟ್ ಸಿಕ್ಕಿದೆ

ಕಾಫಿಘಮ, ಮೂಡಿಗೆರೆ:
ಅಟ್ಟ ಗುಡಿಸುವಾಗ ಅಜ್ಜನ ಗ್ರಾಮಫೋನ್ ಪ್ಲೇಟ್‌ಗಳು ಸಿಕ್ಕವು. ಒಂದರ ಮೇಲೆ ಈ ಹೆಸರಿದೆ, ಕೊಲಂಬಿಯಾ ಲೇಬಲ್. ಮಳೆಗಾಲದ ಬೂಷ್ಟು ಹಿಡಿದಿದೆ. ಅಜ್ಜ ರೇಡಿಯೋದಲ್ಲಿ ಕೃಷಿರಂಗ ಬಿಟ್ಟು ಬೇರೇನೂ ಕೇಳಿದವರಲ್ಲ! ಯಾರಿಗಾದರೂ ಗೊತ್ತಾ?

ಹಾಸನದ ಹಳಬ:
ಅಯ್ಯೋ, ಒಳ್ಳೇ ವಸ್ತು ಸಿಕ್ಕಿದೆ ನಿಮಗೆ. ಅಮೆರಿಕದ ಜಾಜ್ ಪಿಯಾನೋ ವಾದಕ, ಹುಟ್ಟಿದ್ದು 1903ರಲ್ಲಿ. ಚಿಕಾಗೋದಲ್ಲಿ ಅರ್ಸ್ಕಿನ್ ಟೇಟ್ ತಂಡದಲ್ಲಿ ಹೆಸರಾಂತ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ನುಡಿಸಿದವರು. 1926ರಲ್ಲಿ ಏಷ್ಯಾ ಕಡೆ ಹೊರಟರು, ಶಾಂಘೈನಲ್ಲಿ ಹೆಸರು ಮಾಡಿದರು, ಆಮೇಲೆ ಬಾಂಬೆಯ ತಾಜ್ ಹೋಟೆಲ್, ಕೊನೆಗೆ ಕಲ್ಕತ್ತಾದ ಗ್ರ್ಯಾಂಡ್ ಹೋಟೆಲ್. ಅಮೆರಿಕದಲ್ಲೇ ಉಳಿದಿದ್ದರೆ ದೊಡ್ಡ ಹೆಸರಾಗುತ್ತಿತ್ತು ಅನ್ನೋದು ನನ್ನ ಅಭಿಪ್ರಾಯ. 1945ರಲ್ಲಿ ಕಲ್ಕತ್ತಾದಲ್ಲೇ ಕಾಲರಾ ಬಂದು ತೀರಿಕೊಂಡರು, ಬರೀ 41 ವರ್ಷ.

ಸೂಜಿಮೊನೆ:
ಒಂದು ಮಾತು, ಸ್ಪಿರಿಟ್ ಹಾಕಿ ಮಾತ್ರ ಒರೆಸಬೇಡಿ! ಆ ಕಾಲದ ಪ್ಲೇಟಿನಲ್ಲಿ ಅರಗು ಇರುತ್ತದೆ, ಸ್ಪಿರಿಟ್‌ಗೆ ಕರಗುತ್ತದೆ. ಮೆತ್ತನೆ ಬಟ್ಟೆ ಸ್ವಲ್ಪ ಒದ್ದೆ ಮಾಡಿ, ಗೆರೆ ಹೋದ ಕಡೆಗೇ ಒರೆಸಿ. ಆಮೇಲೆ ಬಂದ ಎಲ್‌ಪಿ ರೆಕಾರ್ಡಿನ ಸೂಜಿನೂ ಬೇಡ, ನಿಮಿಷಕ್ಕೆ 78 ಸುತ್ತು ತಿರುಗೋ ಇಂಥ ಹಳೇ ಪ್ಲೇಟಿನ ಗೆರೆ ಅದಕ್ಕಿಂತ ಅಗಲ.

ಕಾಫಿಘಮ, ಮೂಡಿಗೆರೆ:
ಥ್ಯಾಂಕ್ಸ್ ಸಾರ್. ಸ್ಪಿರಿಟ್ ಬಾಟಲಿ ಕೈಯಲ್ಲೇ ಹಿಡಿದು ಕೂತಿದ್ದೆ. ಅಜ್ಜ ಯುದ್ಧದ ಟೈಮಲ್ಲಿ ಕಲ್ಕತ್ತಾಗೆ ಹೋಗಿದ್ದರಾ ಅಂತ ಚಿಕ್ಕಜ್ಜಿನ ಕೇಳಬೇಕು.