ಮೂರು ಕಾಯಿ, ಒಂದು ಡಜನ್ ಮೊಟ್ಟೆ: ಈ ಸಲದ ಕುಸ್ವಾರ್ ಹೇಗೆ?

ಪ್ರಶ್ನೆ (ಮೂಡಬಿದಿರೆಯಿಂದ): ಕ್ರಿಸ್ಮಸ್‌ಗೆ ಇನ್ನು ಹತ್ತೇ ದಿನ. ಹನ್ನೆರಡು ಮನೆಗೆ ಕುಸ್ವಾರ್ (ಕ್ರಿಸ್ಮಸ್‌ಗೆ ಹಂಚುವ ತಿಂಡಿಗಳ) ತಟ್ಟೆ ಹೋಗಬೇಕು. ತೆಂಗಿನಕಾಯಿ ಮೂರು ಸಿಕ್ಕಿದೆ, ಮೊಟ್ಟೆ ಒಂದು ಡಜನ್. ಬೆಣ್ಣೆ ಯಾವ ಅಂಗಡಿಯಲ್ಲೂ ಇಲ್ಲ. ಹಂದಿ ಮಾಂಸ ಒಂದೇ ಕಿಲೋ ಕೊಡುವುದು ಅಂದಿದ್ದಾರೆ. ಮೈದಾ, ಅಕ್ಕಿ, ಸಕ್ಕರೆ, ಎಣ್ಣೆಗೆ ತೊಂದರೆ ಇಲ್ಲ. ಏನು ಮಾಡಲಿ, ಏನು ಬಿಡಲಿ? ಗೊತ್ತಿದ್ದವರು ಅಳತೆ ಸಮೇತ ಹೇಳಿ.

ಕುಲಶೇಖರದಿಂದ: ಮೊದಲು ಬಿಡುವುದನ್ನು ಹೇಳುತ್ತೇನೆ. ಬಾತ್ಕ್ (ರವೆ-ಕಾಯಿಯ ಕೇಕ್) ಬಿಡಿ, ಅದೊಂದೇ ಒಂದು ಇಡೀ ಕಾಯಿ ನುಂಗುತ್ತದೆ. ಗುಳಿಯೊ (ಕರಿದ ಸಣ್ಣ ಉಂಡೆ) ಕೂಡ ಬೇಡ. ಅದಕ್ಕೂ ಕಾಯಿ ಬೇಕು, ಸಾಲದ್ದಕ್ಕೆ ಒಳಗೆ ಆವಿ ಸಿಕ್ಕಿಹಾಕಿಕೊಂಡರೆ ಎಣ್ಣೆಯಲ್ಲಿ ಪಟಾಕಿ.

ಇನ್ನು ಕಾಯಿಯ ಲೆಕ್ಕ. ಹಬ್ಬದ ದಿನದ ಕೋಳಿ ಸಾರಿಗೆ ಒಂದನ್ನು ಎತ್ತಿಡಿ. ಉಳಿದ ಎರಡನ್ನು ಎರಡು ಸಲ ದುಡಿಸಬೇಕು: ಹಾಲು ಕಿಡ್ಯೊಗೆ (ಮೈದಾದ ಸುರುಳಿ ತಿಂಡಿ) ಮತ್ತು ಕೊಕ್ಕಿಸಾಂಗೆ (ಅಚ್ಚಿನಲ್ಲಿ ಕರಿಯುವ ಹೂವು), ಹಿಂಡಿದ ಹಿಪ್ಪೆ ನೆವ್ರ್ಯೊ (ಕರಿಗಡುಬು) ಹೂರಣಕ್ಕೆ. ತುರಿಗೆ ಬೆಚ್ಚಗಿನ ನೀರು 150 ಮಿಲಿ ಹಾಕಿ ರುಬ್ಬಿ ಬಟ್ಟೆಯಲ್ಲಿ ಹಿಂಡಿದರೆ ಒಂದು ಸಾಧಾರಣ ಕಾಯಿಗೆ ಸುಮಾರು 200 ಮಿಲಿ ದಪ್ಪ ಹಾಲು ಬರುತ್ತದೆ. ಮತ್ತೆ ಅಷ್ಟೇ ನೀರು ಹಾಕಿ ಹಿಂಡಿ ತೆಳು ಹಾಲನ್ನು ಬೇರೆ ಇಡಿ. ಕುದಿಯುವ ನೀರು ಹಾಕಬೇಡಿ, ಹಾಲಿನ ಕೊಬ್ಬು ಕರಗಿ ಎಣ್ಣೆಯಾಗಿ ಮೇಲೆ ತೇಲುತ್ತದೆ.

ಕಿಡ್ಯೊಗೆ ಮೊಟ್ಟೆ ಬೇಕೇ ಬೇಕು ಅನ್ನುವವರಿದ್ದಾರೆ, ಬೇಡ. ಮೈದಾ 500 ಗ್ರಾಂ, ಸಕ್ಕರೆ ಪುಡಿ 50 ಗ್ರಾಂ, ಉಪ್ಪು, ಬಿಸಿ ತುಪ್ಪ ಎರಡು ದೊಡ್ಡ ಚಮಚ. ತುಪ್ಪವನ್ನು ಹಿಟ್ಟಿಗೆ ತಿಕ್ಕಿ, ಮುಷ್ಟಿ ಹಿಡಿದರೆ ಉಂಡೆ ನಿಲ್ಲುವಷ್ಟಾದ ಮೇಲೆ ಮೊದಲ ಕಾಯಿಯ ದಪ್ಪ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಚಪಾತಿಗಿಂತ ಗಟ್ಟಿ ಕಲಸಿ. ಸಾಲದಿದ್ದರೆ ತೆಳು ಹಾಲು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ, ಆದರೆ ಮರುದಿನಕ್ಕೆ ಇಡಬೇಡಿ, ಕಾಯಿಹಾಲಿನ ಹಿಟ್ಟು ಹುಳಿ ಬರುತ್ತದೆ. ಹುಣಸೆಬೀಜದಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೆ ಒತ್ತಿ ಹೆಬ್ಬೆರಳಲ್ಲಿ ಸುರುಳಿ ಎಳೆಯಿರಿ. ಅಂಚು ಚೆನ್ನಾಗಿ ಕೂರದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಉರಿ ಮಧ್ಯಮವೇ ಇರಲಿ. ಎಣ್ಣೆ ಜಾಸ್ತಿ ಕಾದರೆ ಹೊರಗೆ ಕೆಂಪಗಾಗಿ ಒಳಗೆ ಹಸಿ ಉಳಿಯುತ್ತದೆ, ಮರುದಿನ ರಬ್ಬರ್. ಕಿಡ್ಯೊ ಪೂರ್ತಿ ಆರಿದ ಮೇಲೆ 200 ಗ್ರಾಂ ಸಕ್ಕರೆಗೆ 70 ಮಿಲಿ ನೀರು ಹಾಕಿ ಒಂದೆಳೆ ದಾಟಿದ ಪಾಕ ಮಾಡಿ, ಒಲೆ ಆರಿಸಿ, ಅದರಲ್ಲಿ ಸಕ್ಕರೆ ಬೆಳ್ಳಗಾಗಿ ಅಂಟುವವರೆಗೆ ಮಗುಚುತ್ತಲೇ ಇರಿ. ಮುಕ್ಕಾಲು ಕಿಲೋ ಹತ್ತಿರ ಆಗುತ್ತದೆ, ಹನ್ನೆರಡು ಮನೆಗೆ ಒಂದೊಂದು ಮುಷ್ಟಿ.

ಕಲ್ಯಾಣಪುರದಿಂದ: ಕುಲಶೇಖರದವರು ಹೇಳಿದ ಹಿಪ್ಪೆಯ ಬಗ್ಗೆ ಒಂದು ಎಚ್ಚರಿಕೆ. ಹಿಂಡಿದ ಕೂಡಲೇ ಹುರಿಯಬೇಕು. ಸಂಜೆಗೆ ನೋಡೋಣ ಅಂತ ಬಿಟ್ಟರೆ ಕಮಟು ವಾಸನೆ ಗ್ಯಾರಂಟಿ ಮಾರಾಯ್ರೆ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡದೆ ಮಗುಚುತ್ತಾ ಕೈಯಲ್ಲಿ ಹಿಸುಕಿದರೆ ಗರಿಗರಿ ಉದುರುವವರೆಗೆ. ಎರಡು ಕಾಯಿಯ ಹಿಪ್ಪೆ ತೂಕದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಲು ಹೋದ ಕಾಯಿಗೆ ರುಚಿ ಕಮ್ಮಿ ಎಂಬುದು ನಿಜ, ಅದನ್ನು ಎಳ್ಳು ತುಂಬಿಸಿಕೊಡುತ್ತದೆ: ಹುರಿದ ಎಳ್ಳು 100 ಗ್ರಾಂ, ಹುರಿಗಡಲೆ ಪುಡಿ 100, ಚಿರೋಟಿ ರವೆ ಹುರಿದದ್ದು 50, ಸಕ್ಕರೆ ಪುಡಿ 150, ಏಲಕ್ಕಿ ಎಂಟು. ಎಲ್ಲ ತಣ್ಣಗಾದ ಮೇಲೆ ಮಾತ್ರ ಸಕ್ಕರೆ. ಬಿಸಿಯಲ್ಲಿ ಬೆರೆಸಿದರೆ ಕರಗಿ ಹೂರಣ ಜಿನುಗಿ, ನೆವ್ರಿ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಹೊರಹಿಟ್ಟಿಗೆ ಮೈದಾ 300 ಗ್ರಾಂ, ಎರಡು ಚಮಚ ರವೆ, ಎರಡು ಚಮಚ ಬಿಸಿ ತುಪ್ಪ, ಉಪ್ಪು, ನೀರು. ಅಂಚಿಗೆ ನೀರು ಸವರಿ ಒತ್ತಿ, ಚಕ್ರದಲ್ಲಿ ಕತ್ತರಿಸಿ. ಒಂದಕ್ಕೆ ಒಂದು ಚಮಚಕ್ಕಿಂತ ಹೆಚ್ಚು ತುಂಬಬೇಡಿ. ಮೂವತ್ತರ ಮೇಲಾಗುತ್ತದೆ.

ಕೊಕ್ಕಿಸಾಂಗೆ ಮೈದಾ 300, ಅಕ್ಕಿಹಿಟ್ಟು 100, ಸಕ್ಕರೆ 80 ಗ್ರಾಂ, ಮೊಟ್ಟೆ ಒಂದೇ ಒಂದು. ಎರಡನೇ ಕಾಯಿಯ ದಪ್ಪ ಹಾಲು ಪೂರ್ತಿ, ಮೇಲಿಂದ ತೆಳು ಹಾಲು ಹಾಕುತ್ತಾ ನೀರುದೋಸೆಗಿಂತ ದಪ್ಪ, ಉದ್ದಿನ ದೋಸೆಗಿಂತ ತೆಳು. ಸಕ್ಕರೆ ಹೆಚ್ಚಿಸಿದರೆ ಅಚ್ಚಿಗೆ ಹಿಡಿದುಕೊಳ್ಳುತ್ತದೆ, ಬಣ್ಣವೂ ಬೇಗ ಏರುತ್ತದೆ. ಅಚ್ಚು ಎಣ್ಣೆಯಲ್ಲೇ ಕಾಯಬೇಕು. ತಣ್ಣಗಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ, ಅತಿಯಾಗಿ ಕಾದರೆ ಚೊಂಯ್ ಎಂದು ಹಿಟ್ಟಿನ ಪಾತ್ರೆಯಲ್ಲೇ ಬೆಂದು ಜಾರುತ್ತದೆ. ಅಚ್ಚಿನ ಮುಕ್ಕಾಲು ಭಾಗ ಮಾತ್ರ ಮುಳುಗಿಸಿ. ಮೇಲಿನ ಅಂಚು ಮುಚ್ಚಿಹೋದರೆ ಹೂವು ಬಿಡುವುದಿಲ್ಲ, ಸೂಜಿಯಿಂದ ಕೆದಕಬೇಕಾಗುತ್ತದೆ. ಹೊಸ ಅಚ್ಚಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಿ.

ಬೆಂಗಳೂರಿನಿಂದ (ಕೇಕ್ ಮಾತ್ರ): ಮೊಟ್ಟೆಗಳಲ್ಲಿ ಐದನ್ನು ಪ್ಲಮ್ ಕೇಕಿಗೆ ಇಡಿ. ಕೊಕ್ಕಿಸಾಂಗೆ ಒಂದು ಹೋದರೂ ಆರು ಉಳಿಯುತ್ತದೆ. ಚಳಿಗಾಲದಲ್ಲಿ ಮೊಟ್ಟೆ ಬೆಲೆ ಏರುವುದು ಪ್ರತಿ ವರ್ಷದ ಪಾಡು, ಹಬ್ಬದ ವಾರಕ್ಕೆ ಆ ಆರು ಬೇಕಾಗುತ್ತದೆ.

ಬೆಣ್ಣೆ ಇಲ್ಲದಿದ್ದರೆ ವಾಸನೆಯಿಲ್ಲದ ಎಣ್ಣೆ ಸಾಕು. ಬೆಣ್ಣೆಯಲ್ಲಿ ಕೊಬ್ಬು ಸುಮಾರು 80 ಶೇಕಡಾ, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ 250 ಗ್ರಾಂ ಬೆಣ್ಣೆಯ ಬದಲು 200 ಮಿಲಿ ಎಣ್ಣೆ, 40 ಮಿಲಿ ಹಾಲು. ತೊಂದರೆ ಬೇರೆ ಕಡೆ ಇದೆ: ಬೆಣ್ಣೆ-ಸಕ್ಕರೆ ಕಡೆಯುವಾಗ ಸೇರುವ ಗಾಳಿ ಎಣ್ಣೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಮೊಟ್ಟೆ ಮತ್ತು 200 ಗ್ರಾಂ ಸಕ್ಕರೆಯನ್ನು ಬೀಟರ್‌ನಲ್ಲಿ 7-8 ನಿಮಿಷ, ಬಿಳಿಚಿಕೊಂಡು ರಿಬ್ಬನ್‌ನಂತೆ ಬೀಳುವವರೆಗೆ ಕಡೆದು, ಆಮೇಲೆ ಎಣ್ಣೆಯನ್ನು ನೂಲಿನಂತೆ ಸುರಿಯಿರಿ. ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ. ಬಣ್ಣಕ್ಕೆ 75 ಗ್ರಾಂ ಸಕ್ಕರೆ ಕಪ್ಪಾಗುವವರೆಗೆ ಕರಗಿಸಿ, ಒಲೆ ಆರಿಸಿ, ಕಾಲು ಲೋಟ ಬಿಸಿ ನೀರು. ತಣ್ಣೀರು ಹಾಕಿದರೆ ಮುಖಕ್ಕೇ ಸಿಡಿಯುತ್ತದೆ. ಆರಿಸಿಯೇ ಹಿಟ್ಟಿಗೆ ಸೇರಿಸಿ.

ಹಣ್ಣುಗಳನ್ನು ತಿಂಗಳ ಮೊದಲೇ ರಮ್‌ನಲ್ಲಿ ನೆನೆಸಿಲ್ಲ ಎಂಬ ಚಿಂತೆ ಬೇಡ. 250 ಗ್ರಾಂ ದ್ರಾಕ್ಷಿ, ಖರ್ಜೂರ, ಟುಟಿಫ್ರುಟಿಯನ್ನು ಕಿತ್ತಳೆ ರಸದಲ್ಲಿ ಹತ್ತು ನಿಮಿಷ ಸಣ್ಣಗೆ ಕುದಿಸಿ ರಾತ್ರಿಯಿಡೀ ಬಿಟ್ಟರೆ ಊದಿಕೊಳ್ಳುತ್ತವೆ. ಚೆನ್ನಾಗಿ ಸೋಸಿ, ಎರಡು ಚಮಚ ಮೈದಾದಲ್ಲಿ ಹೊರಳಿಸಿ ಹಾಕಿ, ಒದ್ದೆಯಾಗಿಯೇ ಹಾಕಿದರೆ ತಳ ಸೇರುತ್ತವೆ. 160 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ ಕಡ್ಡಿ ಚುಚ್ಚಿ ನೋಡಿ.

ಬಂಟ್ವಾಳದಿಂದ: ಕಾಯಿ, ಮೊಟ್ಟೆ, ಬೆಣ್ಣೆ ಮೂರೂ ಬೇಡದ್ದು ಎರಡು ಹೇಳುತ್ತೇನೆ, ತಟ್ಟೆ ತುಂಬುವುದು ಇವುಗಳಿಂದಲೇ.

ಪೆರಾದ್ (ಪೇರಳೆಯ ಗಟ್ಟಿ ಹಲ್ವ): ಪೇರಳೆ ಈಗ ಹೇರಳ. ಪೂರ್ತಿ ಹಣ್ಣಾದವೇ ಬೇಡ, ಮೂರರಲ್ಲೊಂದು ಪಾಲು ದೋರೆಗಾಯಿ ಇರಲಿ, ಗಟ್ಟಿಯಾಗುವ ಗುಣ ಅದರಲ್ಲಿರುವುದು. ಬೇಯಿಸಿ, ಜರಡಿಯಲ್ಲಿ ಬೀಜ ತೆಗೆದು, ತಿರುಳನ್ನು ತೂಗಿ. ಒಂದು ಕಿಲೋಗೆ ಮುಕ್ಕಾಲು ಕಿಲೋ ಸಕ್ಕರೆ, ಒಂದು ಲಿಂಬೆ. ಮುಕ್ಕಾಲರಿಂದ ಒಂದು ಗಂಟೆ ಮಗುಚಬೇಕು. ಕೈಗೆ ಬಟ್ಟೆ ಸುತ್ತಿಕೊಳ್ಳಿ, ಸಿಡಿಯುತ್ತದೆ. ನೀರಿಗೆ ಒಂದು ಹನಿ ಬಿಟ್ಟರೆ ಉಂಡೆ ನಿಲ್ಲಬೇಕು, ಮುದ್ದೆ ಬಾಣಲೆ ಬಿಡಬೇಕು.

ತಾಂದ್ಳಾಚೆ ಲಾಡು: ಕುಚ್ಚಲಕ್ಕಿ 500 ಗ್ರಾಂ ಉಬ್ಬಿ ಹಲ್ಲಿಗೆ ಗರಿ ಆಗುವವರೆಗೆ ಹುರಿದು ಪುಡಿ ಮಾಡಿ. ಕಾಯಿಯ ಬದಲು ತರಿ ಮಾಡಿದ ಶೇಂಗಾ 150 ಗ್ರಾಂ. ಬೆಲ್ಲ 300 ಗ್ರಾಂ, ನೀರು 150 ಮಿಲಿ, ಕರಗಿ ನೊರೆ ಬಂದರೆ ಸಾಕು, ಎಳೆ ಬಂದರೆ ಲಾಡು ಕಲ್ಲಾಗುತ್ತದೆ. ಒಂದು ಹಿಡಿ ಅಕ್ಕಿಪುಡಿ ಹಿಂದೆ ಇಟ್ಟುಕೊಂಡು ಹದ ನೋಡಿ ಸೇರಿಸಿ, ಬಿಸಿಯಿರುವಾಗಲೇ ಕಟ್ಟಿ. ನಿಜ ಹೇಳಬೇಕೆಂದರೆ ಬಾಳಿಕೆಗೆ ಇದೇ ಮೇಲು: ಹಸಿ ಕಾಯಿ ಹಾಕಿದ ಲಾಡು ಮೂರು ನಾಲ್ಕು ದಿನಕ್ಕೆ ಹಳಸುತ್ತದೆ, ಇದು ಎರಡು ವಾರ ಇರುತ್ತದೆ.

ಕುಲಶೇಖರದಿಂದ, ಮತ್ತೆ: ಮಾಂಸದ ವಿಷಯ ಯಾರೂ ಮುಟ್ಟಲಿಲ್ಲ. ಒಂದು ಕಿಲೋ ಹಂದಿಯ ಬಾಫಾತ್ (ಖಾರ-ಹುಳಿ ಮಸಾಲೆಯ ಸಾರು) ಆರೇಳು ಜನಕ್ಕೆ ಆಗುತ್ತದೆ. ಬಟಾಟೆ ಹಾಕಿ ಹಿಗ್ಗಿಸಲು ಹೋಗಬೇಡಿ, ಖಾರ-ಹುಳಿಯೆಲ್ಲ ಅದು ಹೀರಿ ರಸ ಸಪ್ಪೆ. ತುಂಡು ಸಣ್ಣ ಮಾಡಿ, ಅರ್ಧ ಕಿಲೋ ನೀರುಳ್ಳಿ ಹಾಕಿ ರಸ ಹೆಚ್ಚಿಸಿ. ಬಾಫಾತ್‌ಗೆ ಕಾಯಿ ಬೇಡವೇ ಬೇಡ, ಅದೊಂದು ಪುಣ್ಯ. 24ಕ್ಕೇ ಬೇಯಿಸಿ ಫ್ರಿಜ್‌ನಲ್ಲಿಟ್ಟು 25ಕ್ಕೆ ಬಿಸಿ ಮಾಡಿ, ಮಸಾಲೆ ಹಿಡಿದಿರುತ್ತದೆ. ಕಡಿಮೆ ಬಿದ್ದದ್ದನ್ನು ಸಾನ್ನಾಂ (ಇಡ್ಲಿಯಂಥದ್ದು) ತುಂಬುತ್ತದೆ: ಇಡ್ಲಿ ಅಕ್ಕಿ 500, ಉದ್ದು 125 ಗ್ರಾಂ. ಶೇಂದಿ ಸಿಗದಿದ್ದರೆ ಇನ್‌ಸ್ಟಂಟ್ ಯೀಸ್ಟ್ ಅರ್ಧ ಟೀ ಚಮಚ, ಸಕ್ಕರೆ ಒಂದು ಚಮಚ. ಹಿಟ್ಟು ದುಪ್ಪಟ್ಟಾದ ಕೂಡಲೇ ಹಬೆಗೆ ಇಡಿ. ಇನ್ನೂ ಉಬ್ಬಲಿ ಅಂತ ಕಾದರೆ ನಡು ಕುಸಿಯುತ್ತದೆ.

ಮೂಡಬಿದಿರೆಯಿಂದ: ಉಪಕಾರ ಎಲ್ಲರಿಗೂ. ಎಣ್ಣೆ ಎರಡು ಲೀಟರ್ ಇದೆ. ಯಾವುದನ್ನು ಮೊದಲು ಕರಿಯಲಿ? ಚಕ್ಕುಲಿಯೂ ಮಾಡುವ ಯೋಚನೆ ಇದೆ.

ಕಲ್ಯಾಣಪುರದಿಂದ: ಕೊಕ್ಕಿಸಾಂ, ಕಿಡ್ಯೊ, ನೆವ್ರ್ಯೊ, ಕೊನೆಗೆ ಚಕ್ಕುಲಿ. ಕೊಕ್ಕಿಸಾಂಗೆ ತಿಳಿ ಎಣ್ಣೆ ಬೇಕು. ನೆವ್ರ್ಯೊದ ಹೂರಣ ಸೋರಿದರೆ ಎಣ್ಣೆ ಕಪ್ಪಾಗುತ್ತದೆ, ಅದಕ್ಕೇ ಹಿಂದೆ. ಚಕ್ಕುಲಿಯ ಓಮದ ವಾಸನೆ ಸಿಹಿಗೆ ಬರಬಾರದು.

ಬಂಟ್ವಾಳದಿಂದ: ನಾನು ಒಪ್ಪುವುದಿಲ್ಲ. ನೆವ್ರ್ಯೊ ಕರಿದ ಎಣ್ಣೆಯಲ್ಲಿ ಸುಟ್ಟ ಸಕ್ಕರೆ, ಎಳ್ಳು ಇದ್ದೇ ಇರುತ್ತದೆ, ಚಕ್ಕುಲಿಗೆ ಕಪ್ಪು ಚುಕ್ಕಿ ಬೀಳುತ್ತದೆ. ಅರ್ಧ ಲೀಟರ್ ಬೇರೆ ಇಟ್ಟು ಸಣ್ಣ ಬಾಣಲೆಯಲ್ಲಿ ಚಕ್ಕುಲಿ ಮಾಡಿ, ಸಿಹಿಗೆ ಒಂದೂವರೆ ಲೀಟರ್ ಧಾರಾಳ. ಇನ್ನೊಂದು: ಕರಿದದ್ದನ್ನು ಬಿಸಿ ಇರುವಾಗ ಡಬ್ಬಿಗೆ ಹಾಕಬೇಡಿ. ತಟ್ಟೆ ಜೋಡಿಸುವಾಗ ಪೆರಾದ್ ತುಂಡುಗಳನ್ನು ಬಟರ್ ಪೇಪರಿನಲ್ಲಿ ಸುತ್ತಿ, ಇಲ್ಲದಿದ್ದರೆ ಅದರ ಪಸೆಗೆ ಪಕ್ಕದ ಕೊಕ್ಕಿಸಾಂ ಮೆತ್ತಗಾಗುತ್ತದೆ.