ಹಳೇ ಪಿಕಪ್ ಸೀಟು: ಮೇಸ್ತ್ರಿ ಹತ್ತಿರ ಕೇಳಿ

ಅಡ್ಮಿನ್: ಇವತ್ತು ಭಾನುವಾರ, ಸೀಟ್ ಮೇಸ್ತ್ರಿ ಗುಂಪಿನಲ್ಲಿ ಇರುತ್ತಾರೆ. ಕೋಲಾರದಲ್ಲಿ ಕುಷನ್ ಕೆಲಸ ಮಾಡುತ್ತಾ 24 ವರ್ಷ ಆಗಿದೆ. ಪಿಕಪ್, ಟಾಟಾ 207, ಟಾಟಾ ಏಸ್, ಯಾವ ಹಳೇ ಗಾಡಿಯಾದರೂ ಸರಿ, ಸೀಟಿನ ಬಗ್ಗೆ ಕೇಳಿ. ಟೊಮೆಟೊ ರೇಟು ಇಲ್ಲಿ ಬೇಡ.

ವೇಮಗಲ್ ಗಾಡಿ: ಮೇಸ್ತ್ರಿ, ನಮಸ್ಕಾರ. 2009ರ ಬೊಲೆರೊ ಪಿಕಪ್. ಡ್ರೈವರ್ ಸೀಟು ಬಲಗಡೆ ಕುಸಿಯುತ್ತದೆ. ಒಂದೇ ವರ್ಷದಲ್ಲಿ ಎರಡು ಸಲ ಫೋಮ್ ಹಾಕಿಸಿದೆ, ಮೂರು ತಿಂಗಳಿಗೆ ಮತ್ತೆ ಹಳ್ಳ. ಎಪಿಎಂಸಿಯಿಂದ ಚೆನ್ನೈಗೆ ಲೋಡ್ ಹೊಡೆದು ಬಂದರೆ ಸೊಂಟ ಹಿಡಿದುಕೊಳ್ಳುತ್ತದೆ. ಯಾವ ಕಂಪನಿ ಫೋಮ್ ಹಾಕಿಸಲಿ?

ಸೀಟ್ ಮೇಸ್ತ್ರಿ: ನಮಸ್ಕಾರ ಅಣ್ಣ. ಕಂಪನಿ ಮಾತು ಆಮೇಲೆ. ಎರಡು ಸಲವೂ ಅದೇ ಜಾಗದಲ್ಲಿ ಕುಸಿದಿದೆ ಅಂದರೆ ಫೋಮನ್ನು ಬೈದು ಉಪಯೋಗ ಇಲ್ಲ, ಅದರ ಕೆಳಗೆ ನೋಡಬೇಕು. ಡ್ರೈವರ್ ಹತ್ತುವುದು ಇಳಿಯುವುದು ಬಲಗಡೆ ಬಾಗಿಲಲ್ಲಿ. ಪ್ರತಿ ಸಲವೂ ಇಡೀ ಮೈಭಾರ ಆ ಬಲ ಅಂಚಿನ ಮೇಲೆ ಬೀಳುತ್ತದೆ. ಮೊದಲು ರೆಕ್ಸಿನ್ ಹರಿಯುತ್ತದೆ, ಆಮೇಲೆ ಫೋಮ್ ಪುಡಿಯಾಗುತ್ತದೆ. ಕೊನೆಗೆ ಸ್ಪ್ರಿಂಗಿನ ಕೊಕ್ಕೆ ಕಳಚುತ್ತದೆ, ಇಲ್ಲಾಂದ್ರೆ ಫ್ರೇಮು ಬೆಸುಗೆ ಹತ್ತಿರ ಬಿರುಕು ಬಿಡುತ್ತದೆ. ಅದರ ಮೇಲೆ ಕೆಜಿಎಫ್ ಚಿನ್ನ ಹೊಯ್ದರೂ ಮೂರು ತಿಂಗಳೇ.

ಫೋಮಿಗೆ 40 ಡೆನ್ಸಿಟಿ, ಅಂದರೆ ಘನ ಮೀಟರಿಗೆ 40 ಕಿಲೋ ತೂಗುವುದು ಕೇಳಿ, ತೂಕ ಹಾಕಿಸಿ ತಗೊಳ್ಳಿ. ಒಂದಡಿ ಉದ್ದ, ಒಂದಡಿ ಅಗಲ, ನಾಲ್ಕು ಇಂಚು ದಪ್ಪದ ತುಂಡು ಸುಮಾರು 375 ಗ್ರಾಂ ತೂಗಬೇಕು. 250 ತೋರಿಸಿದರೆ ಅದು ದಿಂಬಿಗೆ, ಗಾಡಿಗಲ್ಲ.

ಈಗ ನನಗೆ ಒಂದು ಹೇಳಿ. ಜೋರಾಗಿ ಬ್ರೇಕ್ ಹಾಕಿದಾಗ ಸೀಟು ಅಲ್ಲಾಡುತ್ತಾ?

ಮಾಲೂರು ಹುಡುಗ: ಎರಡು ಸೀಟಿಗೆ ರೇಟ್ ಎಷ್ಟು ಅಣ್ಣ?

ಸೀಟ್ ಮೇಸ್ತ್ರಿ: ಗಾಡಿ ನೋಡದೆ ಹೇಳಲ್ಲ.

ಟಮಕ ಏಸ್: ನನ್ನದು ಟಾಟಾ ಏಸ್. ಸೀಟು ಸವೆದು ಕೆಳಗಿನ ಬಿಸಿ ಮೇಲೆ ಬರುತ್ತದೆ. ಗೋಣಿಚೀಲ ನಾಲ್ಕು ಮಡಿಕೆ ಹಾಕಿ, ಮೇಲೆ ಥರ್ಮೋಕೋಲ್ ಇಡಿ ಅಂತ ಒಂದು ಮೆಸೇಜ್ ಬಂದಿದೆ. ನಿನ್ನೆ ಇಟ್ಟೆ, ಪರವಾಗಿಲ್ಲ ಅನಿಸುತ್ತೆ.

ಸೀಟ್ ಮೇಸ್ತ್ರಿ: ತೆಗೆಯಿರಿ. ಈಗಲೇ. ಏಸ್ ಇಂಜಿನ್ ಇರುವುದೇ ಸೀಟಿನ ಕೆಳಗೆ. ಡೀಸೆಲ್ ಒಂದು ತೊಟ್ಟು, ಆಯಿಲ್ ಒಂದು ತೊಟ್ಟು ಗೋಣಿ ಕುಡಿದರೆ ಅದು ಗೋಣಿಯಲ್ಲ, ಬತ್ತಿ. ಥರ್ಮೋಕೋಲ್ ಬಿಸಿಗೆ ಕರಗುತ್ತದೆ. ಸೀಟಿನ ಅಡಿಯ ಮುಚ್ಚಳ ಸರಿಯಾಗಿ ಕೂತಿದೆಯಾ, ಅಂಚಿನ ರಬ್ಬರ್ ಇದೆಯಾ ನೋಡಿಸಿ. ಬಿಸಿ ಬರುತ್ತಿರುವುದು ಅಲ್ಲಿಂದ. ಇಂಥ ಮೆಸೇಜ್ ಕಳಿಸುವವರು ಒಂದು ದಿನವಾದರೂ ಏಸ್ ಓಡಿಸಿದ್ದಾರಾ?

ಮುಳಬಾಗಿಲು ಲೋಡ್: ನಮ್ಮ ಸೀಟಿನೊಳಗೆ ಇಲಿ ಮರಿ ಹಾಕಿದೆ. ಏನು ಮಾಡಲಿ?

ಬಂಗಾರಪೇಟೆ 207: ಇಷ್ಟೆಲ್ಲಾ ಯಾಕೆ? ಗುಜರಿಯಲ್ಲಿ ಕಾರಿನ ಸೀಟು ಸಿಗುತ್ತದೆ. ತಂದು ನೆಲಕ್ಕೆ ವೆಲ್ಡಿಂಗ್ ಹೊಡೆಸಿ. ನಾನು ಎರಡು ವರ್ಷದಿಂದ ರಾಜನ ಥರ ಕೂತು ಓಡಿಸುತ್ತಿದ್ದೇನೆ.

ಶ್ರೀನಿವಾಸಪುರ ಮಾವು: ರಾಜ ಆರ್‌ಟಿಒದಲ್ಲಿ ಎಫ್‌ಸಿಗೆ, ಫಿಟ್‌ನೆಸ್ ಸರ್ಟಿಫಿಕೇಟಿಗೆ ಹೋದಾಗ ಏನು ಮಾಡಿದ?

ಬಂಗಾರಪೇಟೆ 207: ಎಂಟು ವರ್ಷ ದಾಟಿದ ಗಾಡಿ, ವರ್ಷ ವರ್ಷ ಎಫ್‌ಸಿ ಮಾಡಿಸುತ್ತೇನೆ. ಯಾರೂ ಕೇಳಿಲ್ಲ. ನಿಮ್ಮ ಗಾಡಿಯ ಟೈರ್ ನೋಡಿಕೊಳ್ಳಿ.

ಸೀಟ್ ಮೇಸ್ತ್ರಿ: ಯಾರೂ ಕೇಳಿಲ್ಲ ಅಂದರೆ ಸರಿ ಇದೆ ಅಂತಲ್ಲ. ಕಾರಿನ ಸೀಟಿನ ತೂತು ನಿಮ್ಮ ನೆಲದ ತೂತಿಗೆ ಕೂರುವುದಿಲ್ಲ. ಎರಡು ಇಂಚು ಎತ್ತರವಾದರೂ ಮೊಣಕಾಲು ಸ್ಟೇರಿಂಗಿಗೆ ತಾಗುತ್ತದೆ. ಬೆಲ್ಟು ಸೊಂಟದ ಮೂಳೆ ಮೇಲೆ ಇರಬೇಕಾದ್ದು ಹೊಟ್ಟೆಗೆ ಬರುತ್ತದೆ. ಗುದ್ದಿದಾಗ ಮೂಳೆ ತಡೆಯುತ್ತದೆ, ಕರುಳು ತಡೆಯಲ್ಲ.

ವೇಮಗಲ್ ಗಾಡಿ: ಮೇಸ್ತ್ರಿ, ತಡವಾಯಿತು, ಕ್ರೇಟ್ ಏರಿಸುತ್ತಿದ್ದೆ. ಹೌದು, ಬ್ರೇಕ್ ಹಾಕಿದರೆ ಟಕ್ ಅಂತ ಒಂದು ಬೆರಳು ಮುಂದೆ ಬರುತ್ತದೆ. ಅದು ಮೊದಲಿಂದಲೂ ಇದೆ, ಅಭ್ಯಾಸ ಆಗಿಹೋಗಿದೆ.

ಸೀಟ್ ಮೇಸ್ತ್ರಿ: ಇದಕ್ಕೇ ಕೇಳಿದ್ದು. ಇದು ಅಭ್ಯಾಸ ಮಾಡಿಕೊಳ್ಳುವ ವಿಷಯ ಅಲ್ಲ ಅಣ್ಣ. ಟಕ್ ಅನ್ನುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಸೀಟು ಹಿಂದೆ ಮುಂದೆ ಸರಿಯುವ ರೈಲಿನ ಲಾಕು ಹಲ್ಲು ಸವೆದು ಪೂರ್ತಿ ಕಚ್ಚುತ್ತಿಲ್ಲ. ಅದಾದರೆ ರೈಲ್ ಬದಲಾಯಿಸಿದರೆ ಮುಗಿಯಿತು. ಇನ್ನೊಂದು, ಕ್ಯಾಬಿನ್ ನೆಲದ ತಗಡೇ ತುಕ್ಕು ಹಿಡಿದು ತಿಂದುಹೋಗಿದೆ. ಬಲಗಡೆ ಮಾತ್ರ ಕುಸಿಯುತ್ತದೆ ಅಂದಿದ್ದೀರಿ, ನನಗೆ ಈ ಎರಡನೆಯದರ ಮೇಲೇ ಅನುಮಾನ.

ಲೋಡ್ ಇಳಿಸಿ ಬಂದು ಪೈಪ್ ಹಿಡಿದು ಕ್ಯಾಬಿನ್ ಒಳಗೂ ತೊಳೆಯುತ್ತೀರಿ, ಅಲ್ವಾ? ಮ್ಯಾಟ್ ಕೆಳಗೆ ಆ ನೀರು ನಿಲ್ಲುತ್ತದೆ. ಮೇಲೆ ಟೊಮೆಟೊ ರಸ ಮೆತ್ತಿದ ಚಪ್ಪಲಿ. ಮೇಲೆ ನೋಡಿದರೆ ಪೇಂಟ್ ಚೆನ್ನಾಗಿಯೇ ಇರುತ್ತದೆ.

ಹೀಗೆ ಮಾಡಿ. ಮ್ಯಾಟ್ ಪೂರ್ತಿ ಎತ್ತಿ. ಸೀಟಿನ ನಾಲ್ಕೂ ಬೋಲ್ಟಿನ ಸುತ್ತ ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿ. ಗಟ್ಟಿ ತಗಡಾದರೆ ಟಣ್ ಅನ್ನುತ್ತದೆ. ತುದಿ ಒಳಗೆ ಹೋದರೆ ಅಲ್ಲಿಗೆ ನಿಲ್ಲಿಸಿ, ಗಾಡಿ ತೆಗೆಯಬೇಡಿ. ಸೀಟು ಹಾರಿ ಮುಂದೆ ಬಂದರೆ ನಿಮ್ಮ ಕಾಲು ಯಾವ ಪೆಡಲ್ ಮೇಲೆ ಬೀಳುತ್ತದೆ ಅಂತ ಯಾರಿಗೆ ಗೊತ್ತು?

ಮಾಲೂರು ಹುಡುಗ: ಅಂದಾಜು ರೇಟ್ ಆದರೂ ಹೇಳಿ.

ಸೀಟ್ ಮೇಸ್ತ್ರಿ: ಮೇಲೆ ಹೇಳಿದೆ.

ನರಸಾಪುರ ಟೆಂಪೋ: ತುಕ್ಕಿಗೆ ಸುಲಭ ಮದ್ದು, ಫಾರ್ವರ್ಡ್ ಬಂದಿದ್ದು: ಸುಟ್ಟ ಇಂಜಿನ್ ಆಯಿಲ್ ಸುರಿದು ಮೇಲೆ ಮ್ಯಾಟ್ ಹಾಕಿ. ರೆಕ್ಸಿನ್ ಹೊಳಪಿಗೆ ಸೀಮೆಎಣ್ಣೆ.

ಸೀಟ್ ಮೇಸ್ತ್ರಿ: ತೂತು ಬಿದ್ದ ತಗಡಿಗೆ ಆಯಿಲ್ ಸುರಿದರೆ ತೂತು ಮುಚ್ಚುತ್ತದಾ? ಬೂಟು ಜಾರಿ ಕ್ಲಚ್ ತಪ್ಪುತ್ತದೆ, ಅಷ್ಟೇ. ಸೀಮೆಎಣ್ಣೆ ಒರೆಸಿದ ರೆಕ್ಸಿನ್ ಒಂದು ವಾರ ಹೊಳೆಯುತ್ತದೆ, ಆಮೇಲೆ ಹಪ್ಪಳ. ಫಾರ್ವರ್ಡ್ ಮಾಡುವ ಮುಂಚೆ ನಿಮ್ಮ ಸೀಟಿಗೇ ಒಂದು ಸಲ ಹಾಕಿ ನೋಡಿ, ಪುಣ್ಯ ಬರುತ್ತೆ.

ನರಸಾಪುರ ಟೆಂಪೋ: ಒಳ್ಳೆಯದಕ್ಕೆ ಹಾಕಿದೆ. ಇಷ್ಟು ಕೋಪ ಯಾಕ್ರೀ?

ಶ್ರೀನಿವಾಸಪುರ ಮಾವು: ನಮ್ಮ ತಂದೆ ಸ್ಪ್ರಿಂಗ್ ಮುರಿದಾಗ ಸೈಕಲ್ ಟ್ಯೂಬ್ ಸೀಳಿ ಹೆಣೆಯುತ್ತಿದ್ದರು. ಅದೂ ತಪ್ಪಾ?

ಸೀಟ್ ಮೇಸ್ತ್ರಿ: ಅದು ತಪ್ಪಲ್ಲ. ನಾನೂ ಹೆಣೆದಿದ್ದೇನೆ. ಫ್ರೇಮ್ ಗಟ್ಟಿ ಇದ್ದರೆ ಮಾತ್ರ.

ಬಂಗಾರಪೇಟೆ 207: ನೋಡಿ, ಅವರದಾದರೆ ಸರಿ, ನಮ್ಮದಾದರೆ ತಪ್ಪು. ಮೇಸ್ತ್ರಿಗೆ ಗಿರಾಕಿ ಬೇಕಲ್ಲ.

ಶ್ರೀನಿವಾಸಪುರ ಮಾವು: ಏನಯ್ಯಾ ಮಾತು? ಭಾನುವಾರ ಪುಕ್ಕಟೆ ಹೇಳುತ್ತಿದ್ದಾರೆ. ಹೋದ ಸುಗ್ಗಿಯಲ್ಲಿ ಒಯ್ದ ನನ್ನ ಕ್ರೇಟ್ ಮೊದಲು ವಾಪಸ್ ಕೊಡು.

ಬಂಗಾರಪೇಟೆ 207: ಹನ್ನೆರಡು ಕ್ರೇಟ್, ಅದರಲ್ಲಿ ಐದು ಒಡೆದಿದ್ದವು. ಎಲ್ಲರ ಮುಂದೆ ಹೇಳಲಾ?

ಅಡ್ಮಿನ್: ಇಬ್ಬರೂ ಪರ್ಸನಲ್ ಆಗಿ ಮಾತಾಡಿಕೊಳ್ಳಿ. ಇದು ಕ್ರೇಟ್ ಗುಂಪಲ್ಲ.

ಮುಳಬಾಗಿಲು ಲೋಡ್: ಇಲಿ?

ವೇಮಗಲ್ ಗಾಡಿ: ಮೇಸ್ತ್ರಿ, ಎತ್ತಿದೆ. ಹಿಂದಿನ ಬಲ ಬೋಲ್ಟಿನ ಹತ್ತಿರ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ತೂತಿನಲ್ಲಿ ರಸ್ತೆ ಕಾಣುತ್ತದೆ. ಬೋಲ್ಟ್ ಕೈಯಲ್ಲೇ ಬಂತು, ಅದರ ಜೊತೆ ರೊಟ್ಟಿಯಷ್ಟು ತುಕ್ಕು. ರಾತ್ರಿ ಹತ್ತಕ್ಕೆ ಲೋಡ್ ಹೊರಡಬೇಕು.

ಸೀಟ್ ಮೇಸ್ತ್ರಿ: ಹೊರಡಬೇಡಿ. ಲೋಡ್ ಬೇರೆ ಗಾಡಿಗೆ ಹಾಕಿ. ನಾಳೆ ಮೊದಲು ತಗಡು ಕೆಲಸದ ಟಿಂಕರ್ ಹತ್ತಿರ ಹೋಗಿ, ನನ್ನ ಹತ್ತಿರ ಆಮೇಲೆ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ಹೊಸದು ಕೂರಿಸಲಿ. ಮೇಲೆ ಪಟ್ಟಿ ಅಂಟಿಸುತ್ತೇನೆ ಅಂದರೆ ಒಪ್ಪಬೇಡಿ. ಬೋಲ್ಟಿನ ಕೆಳಗೆ ದಪ್ಪ ಪ್ಲೇಟು ಕೊಡಿಸಿ. ಬೆಲ್ಟಿನ ಬಕಲ್ ಕೂತಿರುವ ಜಾಗವನ್ನೂ ಒತ್ತಿ ನೋಡಿಸಿ. ಅಲ್ಲೂ ಮೆತ್ತಗಿದ್ದರೆ ಬೆಲ್ಟ್ ಹಾಕಿಯೂ ಹಾಕದ ಹಾಗೇ.

ವೇಮಗಲ್ ಗಾಡಿ: ಭಾಮೈದನ ಗಾಡಿಗೆ ಲೋಡ್ ಬದಲಾಯಿಸುತ್ತಿದ್ದೇವೆ. ಬೈಯುತ್ತಾ ಬಂದಿದ್ದಾನೆ. ಅವನ ಮ್ಯಾಟನ್ನೂ ಎತ್ತಿ ನೋಡಿದೆ, ಗಟ್ಟಿ ಇದೆ.

ಸೀಟ್ ಮೇಸ್ತ್ರಿ: ಒಳ್ಳೆಯದು. ನಾಳೆ ವೆಲ್ಡಿಂಗ್ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿ. ಸೀಟು ಹೊರಗೆ ತೆಗೆದಿಡಿ, ಫೋಮಿಗೆ ಕಿಡಿ ಸಾಕು.