ಅಧ್ಯಕ್ಷರು ‘ಹೆಸರು ಹಾಕಬೇಡಿ’ ಅಂದರೆ ಕನ್ನಡದಲ್ಲಿ ಏನಂತ ಬರೆಯೋಣ? ‘ಎನ್ನಲಾಗಿದೆ’ ಸಾಕಾ?

ಎಲ್ಲರಿಗೂ ನಮಸ್ಕಾರ.

ನಾನು ಮೈಸೂರಿನ ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಮಂಡ್ಯ, ಮದ್ದೂರು, ನಾಗಮಂಗಲದ ಕಡೆಯಿಂದ ಬಂದು ಹೋಗುವ ಮಕ್ಕಳೇ ಜಾಸ್ತಿ. ಚುನಾವಣೆ ವರ್ಷದಲ್ಲಿ ಅಮೆರಿಕದ ಅಧ್ಯಕ್ಷರು ಪತ್ರಕರ್ತರ ಜೊತೆ ಹೇಗೆ ನಡೆದುಕೊಂಡರು ಅನ್ನುವ ಬಗ್ಗೆ ಅವರಿಗಾಗಿ ಕನ್ನಡದಲ್ಲೇ ಒಂದು ಪಾಠ ಬರೆಯುತ್ತಿದ್ದೇನೆ. ಇದರಲ್ಲಿ ಮೂರು ಮಾತುಗಳಿಗೆ ಸರಿಯಾದ ಕನ್ನಡ ಬೇಕಾಗಿದೆ: ಆಫ್ ದ ರೆಕಾರ್ಡ್, ಬ್ಯಾಕ್‌ಗ್ರೌಂಡ್, ಡೀಪ್ ಬ್ಯಾಕ್‌ಗ್ರೌಂಡ್. ಮೂರೂ ಬೇರೆ ಬೇರೆ: ಮೊದಲನೆಯದು ಬರೆಯಲೇಬಾರದ್ದು, ಎರಡನೆಯದು ಹೇಳಿದವರ ಹೆಸರಿಲ್ಲದೆ ಬರೆಯಬಹುದಾದ್ದು, ಮೂರನೆಯದು ಹೆಸರಿಲ್ಲದೆಯೂ ಹಾಕದೆ, ಬೇರೆ ಕಡೆ ಸಿಕ್ಕಿದ್ದು ಸರಿಯೋ ಅಂತ ನೋಡಿಕೊಳ್ಳುವುದಕ್ಕೆ ಮಾತ್ರ ಇರುವುದು. ನಮ್ಮ ಪತ್ರಿಕೆಗಳಲ್ಲಿ ಮಾತ್ರ ಮೂರೂ ಸೇರಿ ‘ಮೂಲಗಳು ತಿಳಿಸಿವೆ’ ಅಥವಾ ‘ಎನ್ನಲಾಗಿದೆ’ ಆಗಿಬಿಡುತ್ತವೆ.

ಮೊದಲು ‘ಅನಧಿಕೃತವಾಗಿ’ ಅನ್ನುವ ಪದವನ್ನು ಪಕ್ಕಕ್ಕಿಡೋಣ. ಆಫ್ ದ ರೆಕಾರ್ಡ್‌ಗೆ ಅದನ್ನೇ ಬಳಸಿ ಅಂತ ಕೆಲವರು ಹೇಳುತ್ತಾರೆ. ನಮ್ಮ ಕಡೆ ಅನಧಿಕೃತ ಅಂದರೆ ಅನುಮತಿ ಇಲ್ಲದ ಬಡಾವಣೆ, ರಜೆ ಚೀಟಿ ಕೊಡದ ಗೈರುಹಾಜರಿ. ಅಧ್ಯಕ್ಷರೇ ತಮ್ಮ ಕಚೇರಿಯಲ್ಲಿ ಕೂತು ತಮ್ಮ ಬಾಯಿಂದ ಹೇಳಿದ ಮಾತಿಗೆ ಅಧಿಕಾರ ಇಲ್ಲ ಅನ್ನೋದು ಹೇಗೆ? ಅಧಿಕಾರ ಪೂರ್ತಿ ಇದೆ. ಅದನ್ನು ಅಚ್ಚು ಹಾಕುವುದಕ್ಕೆ ಮಾತ್ರ ಒಪ್ಪಿಗೆ ಇಲ್ಲ.

ಈ ವ್ಯತ್ಯಾಸ ಚೆನ್ನಾಗಿ ಕಾಣುವುದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ. ಅವರು 1933ರ ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡರು. 8ನೇ ತಾರೀಕು ಮೊದಲ ಪತ್ರಿಕಾಗೋಷ್ಠಿ. ಪ್ರಶ್ನೆಗಳನ್ನು ಮೊದಲೇ ಬರೆದು ಕೊಡಬೇಕು ಅನ್ನುವ ಹಳೇ ಕಟ್ಟುಪಾಡನ್ನು ಅವತ್ತೇ ತೆಗೆದುಹಾಕಿದರು. ವರದಿಗಾರರು ಅವರ ಮೇಜಿನ ಸುತ್ತ ನಿಂತು ಬಾಯಿಬಿಟ್ಟು ಕೇಳಬಹುದಾಗಿತ್ತು. ಅದರ ಜೊತೆಗೆ ನಾಲ್ಕು ಕರಾರು ಹಾಕಿದರು. ಅಧ್ಯಕ್ಷರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗ್ಹಾಗೇ ಹಾಕಬೇಕಾದರೆ ಬರಹದಲ್ಲಿ ಒಪ್ಪಿಗೆ ಇರಬೇಕು. ಉಳಿದಂತೆ ಅವರು ಹೇಳಿದ್ದರ ಸಾರವನ್ನು ಅವರ ಹೆಸರಿನಲ್ಲಿ ಬರೆಯಬಹುದು, ಚಿಹ್ನೆ ಮಾತ್ರ ಹಾಕಬಾರದು. ಇನ್ನು ಕೆಲವು ಮಾತು ಬ್ಯಾಕ್‌ಗ್ರೌಂಡ್: ಬರೆದುಕೊಳ್ಳಿ, ಆದರೆ ಶ್ವೇತಭವನದಿಂದ ಬಂತು ಅನ್ನಬೇಡಿ, ನಿಮ್ಮ ಸ್ವಂತ ಹೊಣೆಯ ಮೇಲೆ ಬರೆಯಿರಿ. ಕೊನೆಯದು ಆಫ್ ದ ರೆಕಾರ್ಡ್: ಅಲ್ಲಿ ನಿಂತು ಕೇಳಿಸಿಕೊಂಡವರಿಗೆ ಮಾತ್ರ, ಬರೆಯುವ ಹಾಗಿಲ್ಲ, ಅವತ್ತು ಬಾರದ ಸಹೋದ್ಯೋಗಿಗೆ ಹೇಳುವ ಹಾಗೂ ಇಲ್ಲ.

ಇದು ಬರೀ ಕಚೇರಿ ಶಿಸ್ತು ಅಂತ ನನಗನ್ನಿಸುವುದಿಲ್ಲ. 1936ರ ಚುನಾವಣೆಯಲ್ಲಿ ಬಹುಪಾಲು ಪತ್ರಿಕೆಗಳ ಸಂಪಾದಕೀಯ ಅವರ ವಿರುದ್ಧ ಇತ್ತು. ಆದರೂ 48 ರಾಜ್ಯಗಳಲ್ಲಿ 46 ಗೆದ್ದರು. ಮಾಲೀಕರು ವಿರೋಧ ಇದ್ದರೂ ವರದಿಗಾರರು ವಾರಕ್ಕೆರಡು ಸಲ ಅವರ ಮೇಜಿನ ಮುಂದೆಯೇ ಇರುತ್ತಿದ್ದರು. ಏನು ಬರೆಯಬೇಕು, ಎಷ್ಟು ಬರೆಯಬೇಕು, ಯಾರ ಹೆಸರಿನಲ್ಲಿ ಬರೆಯಬೇಕು ಅನ್ನುವ ಹಿಡಿತ ಆ ನಾಲ್ಕು ಕರಾರುಗಳ ಮೂಲಕ ರೂಸ್‌ವೆಲ್ಟರ ಕೈಯಲ್ಲೇ ಉಳಿಯಿತು. ಮಕ್ಕಳಿಗೆ ಇದು ಅರ್ಥವಾಗಬೇಕಾದರೆ ಆ ನಾಲ್ಕಕ್ಕೂ ನಾಲ್ಕು ಕನ್ನಡ ಮಾತು ಬೇಕೇ ಬೇಕು.

ಮೊದಲ ಎರಡಕ್ಕೆ ಹೊಸ ಪದ ಹುಡುಕಬೇಕಿಲ್ಲ, ನಮ್ಮ ವ್ಯಾಕರಣವೇ ಸಾಕು. ಒಂದು ಕಲ್ಪಿತ ವಾಕ್ಯ ನೋಡಿ: ‘ನಾನು ಈ ಸಲ ನಿಲ್ಲುವುದಿಲ್ಲ ಎಂದು ಅಧ್ಯಕ್ಷರು ಹೇಳಿದರು.’ ಇಲ್ಲಿ ಒಳಗೆ ಉದ್ಧರಣ ಚಿಹ್ನೆ ಇಲ್ಲ. ಆದರೂ ‘ನಾನು’ ಇದೆ, ‘ಎಂದು’ ಇದೆ. ಓದುವವನಿಗೆ ಅಧ್ಯಕ್ಷರ ಬಾಯಿಂದ ಬಂದ ಮಾತೇ ಇದು ಅನ್ನಿಸುತ್ತದೆ. ಅದೇ ‘ಈ ಸಲ ನಿಲ್ಲದಿರುವುದಾಗಿ ಅಧ್ಯಕ್ಷರು ತಿಳಿಸಿದರು’ ಅಂದರೆ ಮಾತು ವರದಿಗಾರನದು, ವಿಷಯ ಮಾತ್ರ ಅಧ್ಯಕ್ಷರದು. ರೂಸ್‌ವೆಲ್ಟರ ಎರಡನೇ ಕರಾರಿಗೆ ಈ ‘-ಉದಾಗಿ’ ರೂಪ ತಕ್ಕ ಹಾಗೆ ಹೊಂದುತ್ತದೆ. ಆ ಕಾಲದ ವರದಿಗಳನ್ನು ಕನ್ನಡಕ್ಕೆ ತರುವವರು ಸಲೀಸಾಗಿ ‘ನಾನು… ಎಂದರು’ ಅಂತ ಬರೆದರೆ ಅಲ್ಲಿ ಇಲ್ಲದ ಒಪ್ಪಿಗೆಯನ್ನು ನಾವೇ ಕೊಟ್ಟ ಹಾಗಾಗುತ್ತದೆ.

ಉಲ್ಟಾ ಅಪಾಯವೂ ಇದೆ. 1960ರ ಆಗಸ್ಟ್ 24. ಐಸೆನ್‌ಹೋವರ್ ಇನ್ನೂ ಅಧ್ಯಕ್ಷರು. ಅವರ ಉಪಾಧ್ಯಕ್ಷ ನಿಕ್ಸನ್ ಕೆನಡಿ ಎದುರು ಕಣದಲ್ಲಿದ್ದರು, ನನಗೆ ಸರ್ಕಾರ ನಡೆಸಿದ ಅನುಭವ ಇದೆ ಅಂತ ಪ್ರಚಾರ ಮಾಡುತ್ತಿದ್ದರು. ನಿಕ್ಸನ್ ಕೊಟ್ಟ ಯಾವುದಾದರೂ ದೊಡ್ಡ ಸಲಹೆಯನ್ನು ನೀವು ಒಪ್ಪಿಕೊಂಡದ್ದಿದ್ದರೆ ಒಂದು ಉದಾಹರಣೆ ಕೊಡಿ ಅಂತ ಒಬ್ಬ ವರದಿಗಾರ ಕೇಳಿದ. ಅದಕ್ಕೆ ಐಸೆನ್‌ಹೋವರ್ ಹೇಳಿದ್ದನ್ನು ನಾನು ಹೀಗೆ ತಂದಿದ್ದೇನೆ: ‘ಒಂದು ವಾರ ಕೊಟ್ಟರೆ ಒಂದು ಹೊಳೆದೀತು. ನನಗೆ ನೆನಪಿಲ್ಲ.’ ಕೆನಡಿ ಕಡೆಯವರು ಇದನ್ನು ಟಿವಿ ಜಾಹೀರಾತಿನಲ್ಲೇ ಬಳಸಿಕೊಂಡರು. ಈಗ ಇದನ್ನೇ ನಮ್ಮ ವರದಿಯ ಧಾಟಿಯಲ್ಲಿ ಬರೆಯಿರಿ: ‘ಒಂದು ವಾರ ಕಾಲಾವಕಾಶ ನೀಡಿದರೆ ಈ ಕುರಿತು ಆಲೋಚಿಸುವುದಾಗಿ ಅಧ್ಯಕ್ಷರು ತಿಳಿಸಿದರು.’ ಹೋಯ್ತು! ಯಾವುದೋ ಕಡತ ಮುಂದಿನ ವಾರ ನೋಡುತ್ತೇನೆ ಅಂದ ಹಾಗೆ ಕೇಳುತ್ತದೆ. ನಿಕ್ಸನ್‌ಗೆ ಬಿದ್ದ ಪೆಟ್ಟೇ ಕಾಣುವುದಿಲ್ಲ. ‘ಹೊಳೆದೀತು’ ಅನ್ನುವ ರೂಪದಲ್ಲಿರುವ ಅನುಮಾನ ‘ಹೊಳೆಯಬಹುದು’ ಅನ್ನುವುದರಲ್ಲಿ ಇಲ್ಲ ಅಂತ ನನ್ನ ಭಾವನೆ. ಮಂಡ್ಯ ಕಡೆಯವರು ದಿನವೂ ‘ಬಂದಾನು, ಆದೀತು, ಕೊಟ್ಟಾರು’ ಅನ್ನುತ್ತಾರೆ. ಬರಹದಲ್ಲಿ ಈ ರೂಪ ಕಡಿಮೆಯಾಗುತ್ತಿರುವುದು ನನಗೆ ನಿಜವಾಗಿ ಬೇಜಾರಿನ ಸಂಗತಿ.

ಅಂದಹಾಗೆ, ಗೋಷ್ಠಿಯನ್ನು ಕ್ಯಾಮೆರಾದಲ್ಲಿ ಹಿಡಿದು ಆಮೇಲೆ ಟಿವಿಯಲ್ಲಿ ತೋರಿಸಲು ಶುರು ಮಾಡಿದ್ದು 1955ರ ಜನವರಿಯಲ್ಲಿ, ಇದೇ ಐಸೆನ್‌ಹೋವರ್ ಕಾಲದಲ್ಲಿ. ನೇರ ಪ್ರಸಾರ ಬಂದದ್ದು 1961ರ ಜನವರಿಯಲ್ಲಿ ಕೆನಡಿ ಜೊತೆ. ಹಾಗಾಗಿ ಅಧ್ಯಕ್ಷ ವಿಲ್ಸನ್ 1913ರಲ್ಲಿ ಕರೆದದ್ದಕ್ಕೆ ‘ಪತ್ರಿಕಾಗೋಷ್ಠಿ’, ಕೆನಡಿ ನಂತರದ್ದಕ್ಕೆ ‘ಸುದ್ದಿಗೋಷ್ಠಿ’ ಅಂತ ಬಳಸಿದ್ದೇನೆ. ಇನ್ನು ‘ಅಧ್ಯಕ್ಷ’ರ ವಿಷಯ. ಅಮೆರಿಕದವರಿಗೆ ಅಧ್ಯಕ್ಷ, ನಮ್ಮವರಿಗೆ ರಾಷ್ಟ್ರಪತಿ ಅನ್ನುವ ರೂಢಿ ಗಟ್ಟಿಯಾಗಿದೆ, ಅದನ್ನು ಕೆದಕುವುದು ಬೇಡ.

ಈಗ ಕಷ್ಟದ ಭಾಗ, ಹೆಸರಿಲ್ಲದ ಮಾತು.

ನಮ್ಮ ಭಾಷೆಗೆ ‘ಅಂತೆ’ ಇದೆ. ‘ಅಧ್ಯಕ್ಷರಿಗೆ ಹುಷಾರಿಲ್ಲವಂತೆ.’ ಎರಡೇ ಪದದಲ್ಲಿ ಸುದ್ದಿಯೂ ಬಂತು, ‘ನಾನು ಕಣ್ಣಾರೆ ಕಂಡಿಲ್ಲ, ಕೇಳಿದ್ದು’ ಅನ್ನುವುದೂ ಬಂತು. ಎಂಥಾ ಪ್ರಾಮಾಣಿಕವಾದ ಪ್ರತ್ಯಯ! ಆದರೆ ಅಚ್ಚಿನಲ್ಲಿ ಅದು ಹರಟೆ ಥರ ಕಾಣುತ್ತದೆ ಅಂತ ಪತ್ರಿಕೆಗಳು ಅದನ್ನು ದೂರ ಇಟ್ಟು ‘ಎನ್ನಲಾಗಿದೆ’ ತಂದುಕೊಂಡವು. ಈ ‘ಎನ್ನಲಾಗಿದೆ’ಗೆ ಎಷ್ಟು ಕೆಲಸ ನೋಡಿ. ಪೊಲೀಸ್ ದೂರಿನಲ್ಲಿರುವ ಆರೋಪಕ್ಕೆ ಅದೇ: ‘ಹಲ್ಲೆ ನಡೆಸಿದ್ದಾರೆ ಎನ್ನಲಾಗಿದೆ.’ ಟೀ ಅಂಗಡಿಯ ಗಾಳಿಸುದ್ದಿಗೂ ಅದೇ. ಹಿರಿಯ ಅಧಿಕಾರಿಯೊಬ್ಬರು ವರದಿಗಾರನನ್ನು ಕೂರಿಸಿಕೊಂಡು, ಹೆಸರು ಬೇಡ ಅಂತ ಮಾತು ತೆಗೆದುಕೊಂಡು, ಖುದ್ದಾಗಿ ಹೇಳಿದ್ದಕ್ಕೂ ಅದೇ. ಮೊದಲನೆಯದಕ್ಕೆ ಕಾಗದದ ಆಧಾರ ಇದೆ, ಎರಡನೆಯದಕ್ಕೆ ಯಾವ ಆಧಾರವೂ ಇಲ್ಲ, ಮೂರನೆಯದಕ್ಕೆ ಹೆಸರು ಗೊತ್ತಿರುವ ಒಬ್ಬ ಮನುಷ್ಯ ಇದ್ದಾನೆ. ಓದುವವನಿಗೆ ಇದ್ಯಾವುದೂ ತಿಳಿಯುವುದಿಲ್ಲ. ಅನ್ನುವವರು ಯಾರು ಅನ್ನುವುದನ್ನೇ ಆ ‘-ಲಾಗಿದೆ’ ನುಂಗಿಬಿಡುತ್ತದೆ.

ಚುನಾವಣೆ ವರ್ಷದಲ್ಲಿ ಇದು ಸಣ್ಣ ವಿಷಯ ಅಲ್ಲ. ಹೆಸರಿಲ್ಲದೆ ಒಂದು ಸುದ್ದಿಯನ್ನು ತೇಲಿಬಿಡುತ್ತಾರೆ. ಜನ ಮೆಚ್ಚಿದರೆ ನಮ್ಮದೇ ಯೋಚನೆ ಅನ್ನುತ್ತಾರೆ, ಕೆರಳಿದರೆ ‘ನಾನು ಹೇಳೇ ಇಲ್ಲ, ಮಾಧ್ಯಮದವರು ತಿರುಚಿದ್ದಾರೆ’ ಅನ್ನುತ್ತಾರೆ. ವಾಷಿಂಗ್ಟನ್‌ನಲ್ಲೂ ಅಷ್ಟೇ, ಇಲ್ಲೂ ಅಷ್ಟೇ. 2019ರಲ್ಲಿ ಮಂಡ್ಯ ಲೋಕಸಭಾ ಚುನಾವಣೆ ನೋಡಿದವರಿಗೆ ‘ಅಂತೆ’ಗಳ ಸುಗ್ಗಿ ಹೇಗಿರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. 2024ರ ಜುಲೈಯನ್ನೇ ತೆಗೆದುಕೊಳ್ಳಿ. ಜೂನ್ 27ರಂದು ಟ್ರಂಪ್ ಜೊತೆಗಿನ ಟಿವಿ ಚರ್ಚೆಯಲ್ಲಿ ಆಗಿನ ಅಧ್ಯಕ್ಷ ಬೈಡನ್ ತಡವರಿಸಿದರು. ಆಮೇಲೆ ಅವರ ಪಕ್ಷದವರೇ ಹೆಸರು ಹೇಳದೆ ವರದಿಗಾರರ ಹತ್ತಿರ ಮಾತಾಡತೊಡಗಿದರು. ಜುಲೈ 11ರಂದು ಬೈಡನ್ ಒಬ್ಬರೇ ನಿಂತು ಸುದ್ದಿಗೋಷ್ಠಿ ಮಾಡಿದರು. 21ಕ್ಕೆ ಕಣದಿಂದ ಹಿಂದೆ ಸರಿದರು. ಆ ದಿನಗಳಲ್ಲಿ ಮಾತಾಡಿದ್ದು ಶ್ವೇತಭವನದ ಸಿಬ್ಬಂದಿಯೋ, ಸಂಸತ್ತಿನ ಸದಸ್ಯರೋ, ಹಣ ಕೊಡುವ ಬೆಂಬಲಿಗರೋ ಅನ್ನುವುದರ ಮೇಲೆ ಸುದ್ದಿಯ ತೂಕ ನಿಂತಿತ್ತು. ಇವರೆಲ್ಲರನ್ನೂ ‘ಮೂಲಗಳು’ ಅಂದುಬಿಟ್ಟರೆ ಹೇಗೆ? ಮೂಲ ಮಾತಾಡುವುದಿಲ್ಲ, ಮನುಷ್ಯ ಮಾತಾಡುತ್ತಾನೆ.

ಅದಕ್ಕೇ ಮಕ್ಕಳಿಗೆ ‘ಮೂಲಗಳು’ ಬಿಟ್ಟು ‘ಅಧಿಕಾರಿಯೊಬ್ಬರು’, ‘ಸದಸ್ಯರೊಬ್ಬರು’ ಅಂತ ಬರೆಯಲು ಹೇಳುತ್ತಿದ್ದೇನೆ. ಇದರಲ್ಲಿ ಒಂದು ಅನುಕೂಲವೂ ಇದೆ. ‘ಒಬ್ಬರು ಹೇಳಿದರು’ ಅಂದಾಗ ಗಂಡಸೋ ಹೆಂಗಸೋ ಗೊತ್ತಾಗುವುದಿಲ್ಲ. ಮರ್ಯಾದೆಯ ಬಹುವಚನವೇ ಗುರುತನ್ನು ಕಾಪಾಡುತ್ತದೆ. ಇಂಗ್ಲಿಷಿನವರು ಮುಂದಿನ ವಾಕ್ಯದಲ್ಲಿ ‘ಹಿ’, ‘ಶಿ’ ಬರದ ಹಾಗೆ ನೋಡಿಕೊಳ್ಳಬೇಕಾಗುತ್ತದೆ, ನಮಗೆ ಸುಮ್ನೆ ಸಿಕ್ಕಿದೆ.

‘ವಕ್ತಾರ’ ಅನ್ನುವ ಪದದಲ್ಲೂ ಎಚ್ಚರ ಬೇಕು. 1920ರ ದಶಕದಲ್ಲಿ ಅಧ್ಯಕ್ಷ ಕೂಲಿಡ್ಜ್ ಹೇಳಿದ್ದನ್ನು ಪತ್ರಿಕೆಗಳು ‘ಶ್ವೇತಭವನದ ವಕ್ತಾರರು’ ಹೇಳಿದರು ಅಂತ ಬರೆಯುತ್ತಿದ್ದವು. ಅಂಥ ವಕ್ತಾರ ಅಲ್ಲಿ ಇರಲೇ ಇಲ್ಲ, ಮಾತಾಡುತ್ತಿದ್ದವರು ಅಧ್ಯಕ್ಷರೇ. ಆ ವರದಿಗಳನ್ನು ಈಗ ಕನ್ನಡಕ್ಕೆ ತಂದು ವಕ್ತಾರರು ಅಂತಷ್ಟೇ ಬಿಟ್ಟರೆ ಇವತ್ತಿನ ಹುಡುಗ ಮೈಕ್ ಮುಂದೆ ನಿಂತ ಬೇರೆ ಯಾರನ್ನೋ ಊಹಿಸಿಕೊಳ್ಳುತ್ತಾನೆ. ಪಕ್ಕದಲ್ಲೇ ಒಂದು ವಾಕ್ಯದ ವಿವರಣೆ ಕೊಡಬೇಕು, ಅಲ್ವಾ?

ಡೀಪ್ ಬ್ಯಾಕ್‌ಗ್ರೌಂಡ್‌ಗೆ ‘ಆಳ ಹಿನ್ನೆಲೆ’ ಅಂತ ಮಾಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. 1972, ಅದೂ ಚುನಾವಣೆ ವರ್ಷ. ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿ, ಆಗ ಅಧ್ಯಕ್ಷರಾಗಿದ್ದ ನಿಕ್ಸನ್‌ರ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ, ಕಳ್ಳತನಕ್ಕೆ ನುಗ್ಗಿದವರು ಸಿಕ್ಕಿಬಿದ್ದರು. ವಾಷಿಂಗ್ಟನ್ ಪೋಸ್ಟ್‌ನ ವುಡ್‌ವರ್ಡ್ ಮತ್ತು ಬರ್ನ್‌ಸ್ಟೀನ್ ಅದರ ಬೆನ್ನು ಹತ್ತಿದರು. ಎಫ್‌ಬಿಐನ ಎರಡನೇ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್ ವುಡ್‌ವರ್ಡ್‌ಗೆ ಸಹಾಯ ಮಾಡಿದರು. ಕರಾರು ಏನೆಂದರೆ ಅವರ ಮಾತನ್ನು ಹೆಸರಿಲ್ಲದೆಯೂ ಹಾಕುವಂತಿಲ್ಲ. ಬೇರೆ ಕಡೆ ಸಿಕ್ಕಿದ್ದು ಸರಿಯೋ ತಪ್ಪೋ ಅಂತ ನೋಡಿಕೊಳ್ಳುವುದಕ್ಕೆ, ಯಾವ ದಾರಿ ಹಿಡಿಯಬೇಕು ಅಂತ ತಿಳಿಯುವುದಕ್ಕೆ ಮಾತ್ರ. ಆ ನವೆಂಬರ್‌ನಲ್ಲಿ ನಿಕ್ಸನ್ 49 ರಾಜ್ಯ ಗೆದ್ದರು. ಫೆಲ್ಟ್ ಹೆಸರು ಹೊರಗೆ ಬಂದದ್ದು 2005ರಲ್ಲಿ, ಅದೂ ಅವರ ಕಡೆಯಿಂದಲೇ. ಇದಕ್ಕೆ ನಮ್ಮ ಲೆಕ್ಕದ ಪುಸ್ತಕದ ಮಾತೇ ಸರಿ ಅನ್ನಿಸುತ್ತದೆ: ‘ತಾಳೆಗೆ ಮಾತ್ರ’. ತಾಳೆ ನೋಡುವುದು ಅಂದರೆ ಅಂಗಡಿಯವರಿಗೂ ಗೊತ್ತು, ಸೊಸೈಟಿಯ ಗುಮಾಸ್ತರಿಗೂ ಗೊತ್ತು.

ಬ್ಯಾಕ್‌ಗ್ರೌಂಡ್‌ಗೆ ‘ಹೆಸರು ಬೇಡ’ ಅಂತಲೇ ಇಟ್ಟುಕೊಂಡಿದ್ದೇನೆ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ವರದಿಗಾರರಿಗೆ ಹೇಳುವುದೇ ಹಾಗೆ: ‘ನನ್ ಹೆಸ್ರು ಹಾಕ್ಬೇಡಿ ಸಾರ್.’ ಪಾಠದಲ್ಲಿ ‘ಹೆಸರು ಬೇಡದ ಮಾತು’ ಅಂದರೆ ಒಪ್ಪುತ್ತದೆಯೇ?

ಆಫ್ ದ ರೆಕಾರ್ಡ್ ಮಾತ್ರ ಇನ್ನೂ ಬಗೆಹರಿದಿಲ್ಲ. ‘ಕಿವಿಮಾತು’ ಆಗುವುದಿಲ್ಲ, ಅದು ಈಗ ಹಿರಿಯರ ಬುದ್ಧಿಮಾತು. ‘ಗುಟ್ಟು’ ಅಂದರೆ ಮುಚ್ಚಿಟ್ಟ ತಪ್ಪು ಅನ್ನುವ ವಾಸನೆ ಬರುತ್ತದೆ. ‘ಬರೆಯಬಾರದ ಮಾತು’ ಅಂದರೆ ಕೆಟ್ಟ ಮಾತು ಅಂತ ತಿಳಿದುಕೊಳ್ಳುವ ಭಯ ಇದೆ. ‘ನಿಮ್ಮ ಮಾಹಿತಿಗೆ ಮಾತ್ರ’ ಹತ್ತಿರ ಬರುತ್ತದೆ, ಆದರೆ ಕಚೇರಿ ಪತ್ರದ ಹಾಗಿದೆ. ‘ಒಳಮಾತು’ ನನಗೆ ಇಷ್ಟ. ಅದು ಬೇರೆ ಅರ್ಥದಲ್ಲಿ ನಿಮ್ಮ ಕಡೆ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಮೈಸೂರಿನ ಹಿರಿಯರಲ್ಲಿ ಇನ್ನೊಂದು ವಿನಂತಿ. ತಾತಯ್ಯ ಎಂ. ವೆಂಕಟಕೃಷ್ಣಯ್ಯನವರ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ಯ ಕಾಲದಿಂದ ಇಲ್ಲಿನ ಪತ್ರಿಕೆಗಳು ದಿವಾನರ ಕಚೇರಿಯ ಜೊತೆ ಗುದ್ದಾಡಿವೆ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಕಾಯ್ದೆ ತಂದಾಗ ತಾತಯ್ಯನವರು ಪತ್ರಿಕೆಗಳನ್ನೇ ನಿಲ್ಲಿಸಿದರು. ದಿವಾನರೋ ಅವರ ಅಧಿಕಾರಿಗಳೋ ಹೆಸರು ಬೇಡ ಅಂತ ಹೇಳಿದ್ದನ್ನು ಆಗಿನ ಕನ್ನಡದಲ್ಲಿ ಹೇಗೆ ಬರೆಯುತ್ತಿದ್ದರು? ‘ಎನ್ನಲಾಗಿದೆ’ ಆಗಲೇ ಇತ್ತೇ, ಅಥವಾ ‘ಎಂದು ವದಂತಿ’, ‘ಎಂದು ಕೇಳಿಬಂತು’ ಥರದ ಮಾತುಗಳಿದ್ದವೇ? ಹಳೇ ಸಂಚಿಕೆ ನೋಡಿದವರು, ಅಚ್ಚುಮೊಳೆ ಕಾಲದ ವರದಿಗಾರರ ಮನೆಯವರು ಯಾರಾದರೂ ಇದ್ದರೆ ಒಂದೆರಡು ವಾಕ್ಯ ಇದ್ದದ್ದು ಇದ್ದ ಹಾಗೇ ಬರೆದು ಕಳಿಸಿ. ಪಾಠದ ಆ ಪುಟವನ್ನು ಖಾಲಿ ಬಿಟ್ಟಿದ್ದೇನೆ.